ಅಮ್ಮನ ಫೋನು, ವೈರಿಲ್ಲದ ಚಾರ್ಜರ್ರು

ಹನ್ನೆರಡು ಸಲ ಕಾಲ್ ಮಾಡಿದೆ. ಹನ್ನೆರಡು ಸಲವೂ ಅದೇ ಹೆಂಗಸಿನ ದನಿ, ಫೋನ್ ಸ್ವಿಚ್ ಆಫ್ ಆಗಿದೆ ಅಂತ. ರಾತ್ರಿ ಒಂಬತ್ತರ ಬುಲೆಟಿನ್ ಮುಗಿಸಿ, ಮುಖದ ಮೇಕಪ್ ಕೂಡ ಒರೆಸಿಕೊಳ್ಳದೆ ಸ್ಟುಡಿಯೋ ಮೆಟ್ಟಿಲ ಮೇಲೆ ಕೂತಿದ್ದೆ. ಅಮ್ಮ ಅರಸೀಕೆರೆಯಲ್ಲಿ ಒಬ್ಬಳೇ ಇರೋದು. ವಯಸ್ಸು 68. ದಿನಾ ನನ್ನ ಬುಲೆಟಿನ್ ನೋಡ್ತಾಳೆ, ಮುಗಿದ ಐದು ನಿಮಿಷಕ್ಕೆ ಫೋನ್ ಮಾಡ್ತಾಳೆ. 'ಇವತ್ತಿನ ಸೀರೆ ಚೆನ್ನಾಗಿರಲಿಲ್ಲ ಕಣೇ' ಅಂತಲೋ, 'ಆ ಮಿನಿಸ್ಟ್ರಿಗೆ ಇನ್ನೂ ಎರಡು ಪ್ರಶ್ನೆ ಕೇಳಬೇಕಿತ್ತು' ಅಂತಲೋ ಹೇಳಿ ಮಲಗ್ತಾಳೆ. ಅವತ್ತು ಫೋನ್ ಬರಲಿಲ್ಲ.

ಹನ್ನೊಂದರ ಹೊತ್ತಿಗೆ ಪಕ್ಕದ ಮನೆಯವರನ್ನ ಎಬ್ಬಿಸಿ ಕಳಿಸಿದೆ. ಅವರು ಬಾಗಿಲು ಬಡಿದರೆ ಅಮ್ಮ ಕಣ್ಣುಜ್ಜಿಕೊಂಡು ಬಂದು 'ಯಾಕ್ರೀ, ಏನಾಯ್ತು?' ಅಂದಳಂತೆ. ಏನೂ ಆಗಿರಲಿಲ್ಲ. ಸಂಜೆ ಏಳಕ್ಕೇ ಫೋನನ್ನ ಚಾರ್ಜಿಗೆ ಹಾಕಿದ್ದಳು. ನನಗೆ ಫೋನ್ ಮಾಡೋಣ ಅಂತ ಎತ್ತಿಕೊಂಡರೆ ಪರದೆ ಕಪ್ಪು. ಸರಿ, ಇನ್ನೂ ಸ್ವಲ್ಪ ಚಾರ್ಜ್ ಆಗಲಿ ಅಂತ ಅಲ್ಲೇ ಬಿಟ್ಟು ಮಲಗಿದ್ದಳು. ಸ್ವಿಚ್ ಆನ್ ಇತ್ತು, ಕರೆಂಟೂ ಇತ್ತು. ಪಿನ್ ಮಾತ್ರ ಅರ್ಧ ಒಳಗೆ, ಅರ್ಧ ಹೊರಗೆ. ಅಮ್ಮನ ಬೆರಳಿನ ಗಿಣ್ಣುಗಳಲ್ಲಿ ಸಂಧಿವಾತ. ಒತ್ತಿ ಹಿಡಿಯೋಕೆ ಆಗಲ್ಲ, ಆ ಸಣ್ಣ ತೂತು ಕಣ್ಣಿಗೆ ಸರಿಯಾಗಿ ಕಾಣಲ್ಲ. ತಿಂಗಳುಗಟ್ಟಲೆ ಅಡ್ಡಾದಿಡ್ಡಿ ಚುಚ್ಚಿ ಅದೂ ಸಡಿಲ ಆಗಿತ್ತು. ರಿಪೇರಿ ಅಂಗಡಿ ಹುಡುಗ ನೋಡಿದವನೇ, 'ಚಾರ್ಜಿಂಗ್ ಜಾಕ್ ಹೋಗಿದೆ ಮೇಡಂ, ವರ್ಷದಲ್ಲಿ ಇದು ಎರಡನೇ ಸಲ' ಅಂದ.

ವೀಕ್ಷಕರೇ, ವೈರ್‌ಲೆಸ್ ಚಾರ್ಜರ್ ಬಗ್ಗೆ ನಾನು ಗಂಭೀರವಾಗಿ ಯೋಚನೆ ಮಾಡಿದ್ದು ಆ ವಾರ. ಅಲ್ಲಿಯವರೆಗೆ ನನಗೆ ಅದು ಕಾಸಿದ್ದವರ ಆಟಿಕೆ. ಇನ್ನೊಂದು ಮಾತನ್ನೂ ಒಪ್ಪಿಕೊಂಡುಬಿಡ್ತೀನಿ. 2017ರ ಸೆಪ್ಟೆಂಬರ್‌ನಲ್ಲಿ ಆಪಲ್ ಕಂಪನಿ ಮೊದಲ ಸಲ ವೈರ್ ಇಲ್ಲದೆ ಚಾರ್ಜ್ ಆಗೋ ಐಫೋನ್ ತೋರಿಸಿತಲ್ಲ, ಅವತ್ತು ನಾನು ಕ್ಯಾಮೆರಾ ಮುಂದೆ ಕೂತು, 'ಇನ್ನು ಎರಡು ಮೂರು ವರ್ಷ ಅಷ್ಟೇ, ನೀವು ಮನೆಯಲ್ಲಿ ಓಡಾಡ್ತಾ ಇದ್ರೂ ಜೇಬಿನಲ್ಲಿರೋ ಫೋನ್ ತಾನಾಗೇ ಚಾರ್ಜ್ ಆಗುತ್ತೆ' ಅಂತ ಹೇಳಿದ್ದೆ. ಎಂಜಿನಿಯರಿಂಗ್ ಓದಿದವಳ ಬಾಯಲ್ಲಿ ಬರಬಾರದ ಮಾತು ಅದು. ಅದೇ ಕಾರ್ಯಕ್ರಮದಲ್ಲಿ ಆಪಲ್ ಒಂದು ಹಾಸು ತೋರಿಸಿತ್ತು, ಏರ್‌ಪವರ್ ಅಂತ ಹೆಸರು. ಫೋನು, ವಾಚು, ಇಯರ್‌ಫೋನು, ಮೂರನ್ನೂ ಎಲ್ಲಿ ಬೇಕಾದರೂ ಇಡಬಹುದು ಅಂತ. 2019ರ ಮಾರ್ಚ್‌ನಲ್ಲಿ ಅದನ್ನ ಕೈಬಿಟ್ಟರು. ನಮ್ಮ ಗುಣಮಟ್ಟಕ್ಕೆ ಅದು ಮುಟ್ಟಲಿಲ್ಲ ಅಂತ ಕಂಪನಿಯೇ ಹೇಳಿತು. ಒಂದು ಮೇಜಿನ ಮೇಲೆ ಎಲ್ಲಿ ಬೇಕಾದರೂ ಇಡೋದೇ ಅಷ್ಟು ಕಷ್ಟ ಅಂದಮೇಲೆ ಇಡೀ ಮನೆ ಮಾತು ಎಲ್ಲಿಂದ ಬಂತು?

ಯಾಕೆ ಅಷ್ಟು ಕಷ್ಟ ಅಂತ ತಿಳೀಬೇಕಾದ್ರೆ ಆ ಹಾಸಿನೊಳಗೆ ಏನಿದೆ ಅಂತ ನೋಡಬೇಕು. ಹೆದರಬೇಡಿ. ಫೀಲ್ಡ್ ಥಿಯರಿ ಪೇಪರ್‌ನಲ್ಲಿ ನಂದು ಬ್ಯಾಕ್ ಇತ್ತು, ಎರಡನೇ ಸಲಕ್ಕೆ ಪಾಸಾದವಳು ನಾನು. ಹಾಗಾಗಿ ಸುಲಭವಾಗಿ ಹೇಳೋದು ಬಿಟ್ಟರೆ ನನಗೆ ಬೇರೆ ದಾರಿಯೂ ಇಲ್ಲ.

1831ರ ಆಗಸ್ಟ್ 29. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್. ಮೈಕೆಲ್ ಫ್ಯಾರಡೆ ಅನ್ನೋ ಕಮ್ಮಾರನ ಮಗ, ಪುಸ್ತಕಕ್ಕೆ ಬೈಂಡ್ ಹಾಕೋ ಅಂಗಡಿಯಲ್ಲಿ ದುಡಿದು ಬೆಳೆದವನು, ಒಂದು ಕಬ್ಬಿಣದ ಬಳೆಯ ಎರಡು ಪಕ್ಕಕ್ಕೂ ತಾಮ್ರದ ತಂತಿ ಸುತ್ತಿದ. ಎರಡು ಸುರುಳಿ, ಒಂದಕ್ಕೊಂದು ತಾಗಲ್ಲ. ಒಂದು ಸುರುಳಿಗೆ ಬ್ಯಾಟರಿ ಕೊಟ್ಟ. ಇನ್ನೊಂದರ ಕಡೆ ದಿಕ್ಸೂಚಿಯ ಮುಳ್ಳು ಇಟ್ಟ. ಬ್ಯಾಟರಿ ಜೋಡಿಸಿದ ಕ್ಷಣ ಮುಳ್ಳು ಅಲ್ಲಾಡಿತು, ಆಮೇಲೆ ಸುಮ್ಮನಾಯ್ತು. ಬ್ಯಾಟರಿ ತೆಗೆದ ಕ್ಷಣ ಮತ್ತೆ ಅಲ್ಲಾಡಿತು. ಮಧ್ಯದಲ್ಲಿ ಕರೆಂಟ್ ಒಂದೇ ಸಮ ಹರೀತಾ ಇದ್ದಾಗ ಏನೂ ಇಲ್ಲ! ಇಡೀ ಗುಟ್ಟು ಇರೋದು ಇಲ್ಲೇ. ಕರೆಂಟ್ ಬದಲಾಗ್ತಾ ಇದ್ರೆ ಅದರ ಸುತ್ತಲಿನ ಅಯಸ್ಕಾಂತದ ಸೆಳೆತ ಬದಲಾಗುತ್ತೆ. ಆ ಬದಲಾವಣೆ ಪಕ್ಕದ ಸುರುಳಿಯ ಮೂಲಕ ಹಾದು ಹೋದರೆ ಅದರಲ್ಲೂ ಕರೆಂಟ್ ಹುಟ್ಟುತ್ತೆ. ಬದಲಾಗದೆ ನಿಂತರೆ ಹುಟ್ಟಲ್ಲ.

ಇದು ನಿಮಗೆ ಹೊಸದು ಅಂದ್ಕೋಬೇಡಿ. ನಿಮ್ಮೂರ ಟಿಸಿ ಇದೆಯಲ್ಲ, ಪ್ರತಿ ಬೇಸಿಗೆಯಲ್ಲಿ ಸುಟ್ಟುಹೋಯ್ತು ಅಂತ ರೈತರು ನಮ್ಮ ಚಾನೆಲ್‌ಗೆ ಫೋನ್ ಮಾಡೋದು, ಅದರ ಒಳಗೂ ಹೀಗೇ ಬೇರೆ ಬೇರೆ ಸುರುಳಿಗಳು. 11 ಸಾವಿರ ವೋಲ್ಟ್ ಬರೋ ತಂತಿಗೂ ನಿಮ್ಮ ಮನೆಗೆ ಬರೋ ತಂತಿಗೂ ಒಳಗೆ ನೇರ ಸಂಪರ್ಕ ಇಲ್ಲ. ಮಧ್ಯದಲ್ಲಿ ಕಬ್ಬಿಣದ ತಿರುಳು, ಅದರಲ್ಲಿ ಓಡೋ ಅಯಸ್ಕಾಂತದ ಬಲ, ಅಷ್ಟೇ. ಒಂದು ಲೆಕ್ಕದಲ್ಲಿ ಕರ್ನಾಟಕದ ಪ್ರತಿ ಮನೆಗೂ ಕರೆಂಟ್ ಬರ್ತಾ ಇರೋದೇ ವೈರ್‌ಲೆಸ್ ಆಗಿ, ಒಂದು ಗೇಣಿನ ಮಟ್ಟಿಗೆ.

ಅದೇ ಸಂಗತಿಯನ್ನ ಚಪಾತಿ ಅಗಲಕ್ಕೆ ಇಳಿಸಿದರೆ ನಿಮ್ಮ ಚಾರ್ಜಿಂಗ್ ಪ್ಯಾಡ್. ಗೋಡೆಯ ಪ್ಲಗ್‌ನಿಂದ ಅಡಾಪ್ಟರ್ ಮೂಲಕ ಪ್ಯಾಡ್‌ಗೆ ಬರೋದು ಡಿಸಿ, ಅಂದ್ರೆ ಒಂದೇ ದಿಕ್ಕಿನ ಕರೆಂಟ್. ಅದನ್ನ ಪ್ಯಾಡಿನೊಳಗಿನ ಸರ್ಕ್ಯೂಟ್ ಹಿಂದೆ ಮುಂದೆ, ಹಿಂದೆ ಮುಂದೆ ಓಡಾಡಿಸುತ್ತೆ. ಗೋಡೆಯ ಕರೆಂಟ್ ಸೆಕೆಂಡಿಗೆ 50 ಸಲ ಹೀಗೆ ಓಡಾಡಿದರೆ, ಪ್ಯಾಡಿನಲ್ಲಿ ಸೆಕೆಂಡಿಗೆ ಲಕ್ಷಕ್ಕೂ ಹೆಚ್ಚು ಸಲ. ಯಾಕೆ ಇಷ್ಟೊಂದು ಆತುರ? ಟಿಸಿಯಲ್ಲಿ ಕಬ್ಬಿಣದ ತಿರುಳಿದೆ, ದೊಡ್ಡ ದೊಡ್ಡ ಸುರುಳಿಗಳಿವೆ, ನಿಧಾನಕ್ಕೆ ನಡೆಯುತ್ತೆ. ಇಲ್ಲಿ ಸುರುಳಿ ಪುಟ್ಟದು, ಮಧ್ಯೆ ಗಾಳಿ ಇದೆ, ಗಾಜಿದೆ. ಪುಟ್ಟ ಸುರುಳಿಯಲ್ಲಿ ಕೆಲಸಕ್ಕೆ ಬರೋಷ್ಟು ಕರೆಂಟ್ ಹುಟ್ಟಬೇಕು ಅಂದ್ರೆ ಬದಲಾವಣೆ ಬಹಳ ಬೇಗ ಬೇಗ ಆಗಬೇಕು. ಫೋನಿನ ಬೆನ್ನಿನೊಳಗೆ ಕಾಗದದಷ್ಟು ತೆಳು ತಾಮ್ರದ ಸುರುಳಿ ಕೂತಿರುತ್ತೆ. ಅದು ಆ ಕರೆಂಟನ್ನ ಹಿಡಿದು, ಮತ್ತೆ ಡಿಸಿ ಮಾಡಿ ಬ್ಯಾಟರಿಗೆ ಕೊಡುತ್ತೆ. ಲೋಹದ ಬೆನ್ನಿದ್ದರೆ ಇದು ನಡೆಯಲ್ಲ, ಲೋಹವೇ ಆ ಬಲವನ್ನ ನುಂಗಿಬಿಡುತ್ತೆ. ಮೊದಲು ಅಲ್ಯೂಮಿನಿಯಂ ಬೆನ್ನಿನ ದುಬಾರಿ ಫೋನ್‌ಗಳು ಬರ್ತಿದ್ದವು, ಆಮೇಲೆ ಎಲ್ಲಾ ಗಾಜು ಗಾಜು ಆದವು, ಕೈಜಾರಿದರೆ ಮುಂದೂ ಒಡೆಯುತ್ತೆ, ಹಿಂದೂ ಒಡೆಯುತ್ತೆ. ಅದಕ್ಕೆ ಒಂದು ಮುಖ್ಯ ಕಾರಣ ಈ ಸುರುಳಿ.

ಇನ್ನೊಂದು ಸ್ವಾರಸ್ಯ. ಪ್ಯಾಡು ಮತ್ತು ಫೋನು ಮಾತಾಡಿಕೊಳ್ತವೆ. ಸುಮ್ಮನೆ ಪ್ಲಗ್ ಹಾಕಿಟ್ಟ ಪ್ಯಾಡ್ ಯಾವಾಗಲೂ ಶಕ್ತಿ ಚೆಲ್ಲುತ್ತಾ ಕೂತಿರಲ್ಲ. ಆಗಾಗ ಒಂದು ಸಣ್ಣ ತಟ್ಟು ತಟ್ಟಿ, ಯಾರಾದ್ರೂ ಬಂದ್ರಾ ಅಂತ ನೋಡುತ್ತೆ. ಫೋನ್ ಇದ್ದರೆ, ಅದು ತಾನು ಎಳೆದುಕೊಳ್ಳೋ ಶಕ್ತಿಯನ್ನೇ ಸ್ವಲ್ಪ ಹೆಚ್ಚು ಕಡಿಮೆ ಮಾಡಿ ಉತ್ತರ ಕೊಡುತ್ತೆ. ನಾನು ಇಂಥವನು, ಇಷ್ಟು ಕೊಡು, ಇನ್ನೂ ಸ್ವಲ್ಪ ಕೊಡು, ಸಾಕು. ಊಟಕ್ಕೆ ಕೂತವರು ಎಲೆಯ ಮೇಲೆ ಕೈ ಅಡ್ಡ ಇಟ್ಟು ಸಾಕು ಅನ್ನೋ ಹಾಗೆ.

ಸರಿ, ಅಮ್ಮನ ಮನೆಗೆ ವಾಪಸ್ ಬರೋಣ. ಅವಳ ಫೋನಿನಲ್ಲಿ ಈ ಸುರುಳಿ ಇರಲಿಲ್ಲ. ಕಡಿಮೆ ಬೆಲೆಯ ಫೋನ್‌ಗಳಲ್ಲಿ ಸಾಮಾನ್ಯವಾಗಿ ಇರಲ್ಲ. ಪ್ಯಾಡ್ ತಗೊಳ್ಳೋ ಮುಂಚೆ ಇದನ್ನ ನೋಡಿ, ಇಲ್ಲದಿದ್ದರೆ ದುಡ್ಡು ದಂಡ. ನನ್ನ ಹಳೇ ಫೋನಿನಲ್ಲಿ ಇತ್ತು. ಅದನ್ನೇ ಅಮ್ಮನಿಗೆ ಕೊಟ್ಟು, ಪ್ಯಾಡ್ ಇಟ್ಟು, ಹೀಗೆ ಮಲಗಿಸಿದರೆ ಸಾಕಮ್ಮಾ ಅಂತ ತೋರಿಸಿ ಬೆಂಗಳೂರಿಗೆ ಬಂದೆ. ಮರುದಿನ ಬೆಳಿಗ್ಗೆ ಪಕ್ಕದ ಮನೆಯವರ ಫೋನಿನಿಂದ ಅಮ್ಮ: 'ನಿನ್ನ ತಟ್ಟೆ ಕೆಲಸ ಮಾಡಲ್ಲ ಕಣೇ. ರಾತ್ರಿ ಎಲ್ಲಾ ಕೆಂಪು ಲೈಟು ಮಿಣ ಮಿಣ ಅಂತಿತ್ತು.'

ಭಾನುವಾರ ಹೋಗಿ ನೋಡಿದೆ. ಫೋನಿನ ಹಿಂದಿನ ಕವರ್ ಬಿಚ್ಚಿದರೆ, ಅರಿಶಿನದ ಬಟ್ಟೆಯಲ್ಲಿ ಸುತ್ತಿದ ಐದು ರೂಪಾಯಿ ನಾಣ್ಯ. ಮಾಲೇಕಲ್ಲು ತಿರುಪತಿಯ ತಿಮ್ಮಪ್ಪನಿಗೆ ಕಟ್ಟಿದ ಮುಡಿಪು! ಫೋನ್ ಪದೇ ಪದೇ ಕೆಡ್ತಿದೆ, ಮಗಳ ಜತೆ ಮಾತು ತಪ್ಪದ ಹಾಗೆ ನೋಡ್ಕೋ ಅಂತ ಕಟ್ಟಿದ್ದಳಂತೆ. ಅದನ್ನ ಫೋನಿನಲ್ಲೇ ಇಟ್ಟಿದ್ದಳು. ನಾನು ನಗಲೋ ಅಳಲೋ?

ನಾಣ್ಯ ಇದ್ದರೆ ಏನಾಗುತ್ತೆ? ಇಂಡಕ್ಷನ್ ಒಲೆ ನೆನಪು ಮಾಡ್ಕೊಳ್ಳಿ. ಆ ಒಲೆಯಲ್ಲಿ ಬೆಂಕಿ ಇಲ್ಲ, ಗಾಜಿನ ಕೆಳಗೆ ಒಂದು ದೊಡ್ಡ ಸುರುಳಿ ಇದೆ. ಮೇಲಿಟ್ಟ ಪಾತ್ರೆಯ ತಳದಲ್ಲೇ ಕರೆಂಟ್ ಹುಟ್ಟಿ, ಸುತ್ತಿ ಸುತ್ತಿ, ಪಾತ್ರೆ ತಾನೇ ಕಾಯುತ್ತೆ. ಚಾರ್ಜಿಂಗ್ ಪ್ಯಾಡು ಆ ಒಲೆಯ ತಂಗಿ. ಪ್ಯಾಡಿಗೂ ಫೋನಿಗೂ ಮಧ್ಯೆ ಸಿಕ್ಕಿಕೊಂಡ ನಾಣ್ಯ, ಪಿನ್ನು, ಬೀಗದ ಕೈ, ಯಾವ ಲೋಹ ಆದ್ರೂ ಒಲೆ ಮೇಲಿನ ಪಾತ್ರೆಯ ಹಾಗೆ ಬಿಸಿಯಾಗುತ್ತೆ. ಒಳ್ಳೆಯ ಪ್ಯಾಡ್ ಇದನ್ನ ಪತ್ತೆ ಹಚ್ಚುತ್ತೆ. ನಾನು ಇಷ್ಟು ಕಳಿಸಿದೆ, ನಿನಗೆ ಇಷ್ಟೇ ಸಿಕ್ತಾ, ಹಾಗಾದ್ರೆ ಉಳಿದಿದ್ದನ್ನ ಮಧ್ಯದಲ್ಲಿ ಯಾರೋ ತಿಂತಿದ್ದಾರೆ ಅಂತ ಲೆಕ್ಕ ಹಾಕಿ ಕೆಲಸ ನಿಲ್ಲಿಸುತ್ತೆ. ಕೆಂಪು ಲೈಟು ಅದೇ. ಫುಟ್‌ಪಾತ್‌ನಲ್ಲಿ ಸಿಗೋ ಹೆಸರಿಲ್ಲದ ಪ್ಯಾಡಿಗೆ ಈ ಬುದ್ಧಿ ಇದ್ದೇ ಇರುತ್ತೆ ಅನ್ನೋ ಹಾಗಿಲ್ಲ. ನಮ್ಮ ಜನ ಕವರ್ ಹಿಂದೆ ಏನೇನು ಇಡ್ತಾರೆ ನಿಮಗೇ ಗೊತ್ತು. ಮೆಟ್ರೋ ಕಾರ್ಡ್, ಎಟಿಎಂ ಕಾರ್ಡ್, ಸಿಮ್ ತೆಗೆಯೋ ಸೂಜಿ. ಪ್ಯಾಡ್ ಮೇಲೆ ಇಡೋ ಮುಂಚೆ ಎಲ್ಲಾ ತೆಗೀರಿ. ಕಾರ್ಡ್‌ಗಳಿಗೂ ಒಳ್ಳೇದಲ್ಲ.

ಅಂದ ಹಾಗೆ ಆ ಮೆಟ್ರೋ ಕಾರ್ಡಿಗೆ ಬ್ಯಾಟರಿ ಇಲ್ಲ ಅನ್ನೋದನ್ನ ಯಾವತ್ತಾದ್ರೂ ಯೋಚನೆ ಮಾಡಿದ್ದೀರಾ? ಗೇಟಿನ ಹತ್ತಿರ ಹಿಡಿದಾಗ ಅಲ್ಲಿಂದಲೇ ಶಕ್ತಿ ಕುಡಿದು, ತನ್ನ ನಂಬರ್ ಹೇಳಿ ಮತ್ತೆ ಸುಮ್ಮನಾಗುತ್ತೆ. ಕಾರಿನ ಗಾಜಿನ ಮೇಲಿರೋ ಫಾಸ್ಟ್ಯಾಗ್‌ಗೂ ಬ್ಯಾಟರಿ ಇಲ್ಲ. ಅದು ಕೆಲವು ಮೀಟರ್ ದೂರದಿಂದಲೇ ರೇಡಿಯೋ ಅಲೆಯಲ್ಲಿ ಶಕ್ತಿ ಹಿಡಿಯುತ್ತೆ. ಹಾಗಾದ್ರೆ ಫೋನಿಗೂ ದೂರದಿಂದ ಯಾಕೆ ಆಗಲ್ಲ? ಫಾಸ್ಟ್ಯಾಗ್‌ಗೆ ಬೇಕಾಗಿರೋದು ಚಿಟಿಕೆಯಷ್ಟು, ಫೋನಿಗೆ ಕೊಳಗದಷ್ಟು. ಸುರುಳಿಯ ಸುತ್ತಲಿನ ಬಲ ದೂರ ಹೋದ ಹಾಗೆ ಭಾರೀ ಬೇಗ ಕರಗುತ್ತೆ.

ಪ್ರಯತ್ನ ಪಟ್ಟವರು ಇದ್ದಾರೆ. ನಿಕೋಲಾ ಟೆಸ್ಲಾ 1901ರಲ್ಲಿ ನ್ಯೂಯಾರ್ಕ್ ಹತ್ತಿರದ ಲಾಂಗ್ ಐಲೆಂಡ್‌ನಲ್ಲಿ ಬೃಹತ್ ಗೋಪುರ ಕಟ್ಟೋಕೆ ಶುರುಮಾಡಿದ. ದುಡ್ಡು ಕೊಟ್ಟ ಬ್ಯಾಂಕರ್ ಜೆ.ಪಿ. ಮಾರ್ಗನ್ ಮುಂದೆ ಕೊಡಲ್ಲ ಅಂದ. 1917ರಲ್ಲಿ ಗೋಪುರ ಕೆಡವಿದರು. ಸುಮಾರು ನೂರು ವರ್ಷ ಕಳೆದ ಮೇಲೆ ಅಮೆರಿಕದ ಎಂಐಟಿಯಲ್ಲಿ ಮರಿನ್ ಸೊಲ್ಯಾಚಿಚ್ ಅನ್ನೋ ಪ್ರೊಫೆಸರ್. ಅವರ ಫೋನು ಚಾರ್ಜಿಗೆ ಹಾಕೋದು ಮರೆತಾಗೆಲ್ಲ ರಾತ್ರಿ ಬೀಪ್ ಬೀಪ್ ಅಂತ ಎಬ್ಬಿಸುತ್ತಿತ್ತಂತೆ. ಒಂದು ರಾತ್ರಿ ಅಡುಗೆಮನೆಯಲ್ಲಿ ಪೈಜಾಮದಲ್ಲಿ ನಿಂತು ಫೋನನ್ನೇ ದಿಟ್ಟಿಸಿ, ಇದು ತನ್ನಷ್ಟಕ್ಕೆ ತಾನೇ ಯಾಕೆ ಚಾರ್ಜ್ ಆಗಬಾರದು ಅಂತ ಯೋಚಿಸಿದರು. 2007ರಲ್ಲಿ ಅವರ ತಂಡ ಎರಡು ಮೀಟರಿಗೂ ಹೆಚ್ಚು ದೂರದಿಂದ 60 ವ್ಯಾಟ್ ಬಲ್ಬ್ ಬೆಳಗಿಸಿ ತೋರಿಸಿತು. ಆದರೆ ಸುರುಳಿಗಳು ಅರ್ಧ ಮೀಟರಿಗೂ ಅಗಲ, ಬಲ್ಬಿಗೆ ತಲುಪಿದ್ದು ಸುಮಾರು 40 ಪರ್ಸೆಂಟ್ ಶಕ್ತಿ. ಅಷ್ಟು ದೊಡ್ಡ ಸುರುಳಿ ಜೇಬಿನಲ್ಲಿ ಹಿಡಿಸುತ್ತಾ ಹೇಳಿ. ಅದಕ್ಕೇ ಇವತ್ತಿಗೂ ನಿಮ್ಮ ಪ್ಯಾಡ್ ಕೆಲಸ ಮಾಡೋದು ಕೆಲವೇ ಮಿಲಿಮೀಟರ್ ದೂರದಲ್ಲಿ, ಅದೂ ಎರಡು ಸುರುಳಿ ನೆಟ್ಟಗೆ ಒಂದರ ಮೇಲೊಂದು ಬಂದರೆ.

ಅಮ್ಮನ ಎರಡನೇ ಸಮಸ್ಯೆ ಅದೇ. ಮುಡಿಪು ತೆಗೆದ ಮೇಲೂ ಮೂರು ದಿನಕ್ಕೊಂದು ಸಲ ಬೆಳಿಗ್ಗೆ ಫೋನ್ ಖಾಲಿ. ಎರಡು ಬೆರಳಷ್ಟು ಪಕ್ಕಕ್ಕೆ ಸರಿದಿದ್ದರೂ ಆಯ್ತು, ಚಾರ್ಜ್ ಆಗಲ್ಲ. ಹೊಸ ಫೋನ್‌ಗಳಲ್ಲಿ ಇದಕ್ಕೆ ಪರಿಹಾರ ಬಂದಿದೆ. 2020ರಲ್ಲಿ ಆಪಲ್ ಸುರುಳಿಯ ಸುತ್ತ ಅಯಸ್ಕಾಂತದ ಉಂಗುರ ಕೂರಿಸಿತು, ಹತ್ತಿರ ತಂದರೆ ಸಾಕು, ಟಕ್ ಅಂತ ತಾನೇ ಸರಿಯಾದ ಜಾಗಕ್ಕೆ ಕೂರುತ್ತೆ. 2023ರಿಂದ ಅದೇ ಬಗೆಯದು ಎಲ್ಲಾ ಕಂಪನಿಗಳಿಗೂ ಸಿಗೋ ಹಾಗಾಯ್ತು, ಹೆಸರು ಕ್ಯೂಐ2. ಈ ಹೆಸರಿನ ವಿಷಯದಲ್ಲೂ ನಾನು ಮಾನ ಕಳ್ಕೊಂಡಿದ್ದೀನಿ. ಲೈವ್‌ನಲ್ಲಿ ಕ್ಯೂ ಐ, ಕ್ಯೂ ಐ ಅಂತ ಓದ್ತಾ ಇದ್ದೆ. ವೀಕ್ಷಕರೊಬ್ಬರು 'ಮೇಡಂ, ಚೀ' ಅಂತ ಮೆಸೇಜ್ ಹಾಕಿದರು. ನನಗೇ ಛೀ ಅಂದರು ಅಂದ್ಕೊಂಡು ಎರಡು ದಿನ ಬೇಜಾರಲ್ಲಿದ್ದೆ. ಅದರ ಉಚ್ಚಾರವೇ ಹಾಗೆ. ಚೀನೀ ಭಾಷೆಯಲ್ಲಿ ಪ್ರಾಣಶಕ್ತಿ ಅನ್ನೋ ಅರ್ಥದ ಪದ. 2008ರಲ್ಲಿ ಶುರುವಾದ ಕಂಪನಿಗಳ ಒಕ್ಕೂಟ ಇಟ್ಟ ಹೆಸರು. ಅಂಗಡಿಯಲ್ಲಿ ಆ ಗುರುತು ಇರೋ ಪ್ಯಾಡ್ ಕೇಳಿ, ಬಿಐಎಸ್ ಗುರುತಿರೋ ಅಡಾಪ್ಟರ್ ಕೇಳಿ.

ನನ್ನ ಹಳೇ ಫೋನಿಗೆ ಅಯಸ್ಕಾಂತ ಇರಲಿಲ್ಲ. ನಾನು ಸ್ಟ್ಯಾಂಡ್ ಬಗೆಯದು ತರೋಣ ಅಂತ ಆನ್‌ಲೈನ್‌ನಲ್ಲಿ ಹುಡುಕ್ತಾ ಕೂತಿದ್ದರೆ, ಅಮ್ಮ ಪ್ಯಾಡನ್ನ ಟೇಬಲ್‌ಗೆ ಅಂಟಿಸು ಅಂದಳು. ಸರಿಯಾದ ಜಾಗದಲ್ಲಿ ಫೋನ್ ಇಟ್ಟು, ಅದರ ಎರಡು ಮೂಲೆ ಬಂದ ಕಡೆ ತನ್ನ ಎರಡು ಬಿಂದಿ ಅಂಟಿಸಿದಳು. ಕತ್ತಲೆಯಲ್ಲೂ ಬೆರಳಿಗೆ ಸಿಗುತ್ತೆ. ಬಿಇ ಓದಿದ್ದು ಯಾರು ಅಂತ ನಾನೇ ಕೇಳ್ಕೊಂಡೆ.

ಈಗ ಇದರ ಖರ್ಚಿನ ಮಾತು. ಜಾಹೀರಾತಿನವರು ಇದನ್ನ ಹೇಳಲ್ಲ. ವೈರ್‌ನಲ್ಲಿ ಚಾರ್ಜ್ ಮಾಡಿದರೆ ಕಡಿಮೆ ಶಕ್ತಿ ಪೋಲಾಗುತ್ತೆ, ಬೇಗ ತುಂಬುತ್ತೆ. ಮಾಮೂಲಿ ಪ್ಯಾಡ್ 5ರಿಂದ 15 ವ್ಯಾಟ್ ಕೊಡುತ್ತೆ, ವೈರ್‌ನಲ್ಲಿ ಅದರ ನಾಲ್ಕೈದು ಪಟ್ಟು ಕೊಡೋ ಚಾರ್ಜರ್‌ಗಳು ಮಾರ್ಕೆಟ್‌ನಲ್ಲಿವೆ. ಒಂದು 5000 ಎಂಎಎಚ್ ಬ್ಯಾಟರಿಯಲ್ಲಿ ಹಿಡಿಸೋದು ಸುಮಾರು 19 ವ್ಯಾಟ್-ಅವರ್. ದಿನಾ ಪ್ಯಾಡ್ ಮೇಲೆ ತುಂಬಿಸಿದರೂ ವರ್ಷಕ್ಕೆ ಹೆಚ್ಚಿಗೆ ಪೋಲಾಗೋದು ನನ್ನ ಲೆಕ್ಕದಲ್ಲಿ ಎರಡು ಮೂರು ಯೂನಿಟ್. ಗೃಹಜ್ಯೋತಿ ಮನೆಗೆ ಅದು ಬಿಲ್ಲಿನಲ್ಲಿ ಕಾಣೋದೂ ಇಲ್ಲ. ಕೋಟಿಗಟ್ಟಲೆ ಫೋನ್ ಅಂತ ಲೆಕ್ಕ ಹಾಕಿದರೆ ಬೇರೆ ಮಾತು. ಮನೆಯ ಮಟ್ಟಿಗೆ ತಲೆಕೆಡಿಸ್ಕೋಬೇಕಾದ್ದು ಆ ಪೋಲಾದ ಶಕ್ತಿ ಎಲ್ಲಿ ಹೋಗುತ್ತೆ ಅನ್ನೋದರ ಬಗ್ಗೆ. ಶಾಖ ಆಗುತ್ತೆ. ಅದರಲ್ಲಿ ಒಂದು ಪಾಲು ಫೋನಿನ ಬೆನ್ನಿಗೇ. ಲಿಥಿಯಂ ಬ್ಯಾಟರಿಗೆ ಶಾಖ ಅಂದ್ರೆ ಆಗಲ್ಲ, ಬೇಗ ಮುಪ್ಪಾಗುತ್ತೆ. ಹಾಗಾಗಿ ಹಾಸಿಗೆ ಮೇಲೆ, ದಿಂಬಿನ ಕೆಳಗೆ, ಕಾರಿನ ಡ್ಯಾಶ್‌ಬೋರ್ಡಿನ ಬಿಸಿಲಲ್ಲಿ ಇದನ್ನ ಮಾಡಬೇಡಿ. ದಪ್ಪ ಕವರ್ ಇದ್ದರೆ ತೆಗೀರಿ. 80 ಪರ್ಸೆಂಟ್‌ಗೆ ನಿಲ್ಲಿಸೋ ಆಯ್ಕೆ ಫೋನಿನಲ್ಲಿದ್ದರೆ ಹಾಕಿಕೊಳ್ಳಿ.

ಈ ಕಾರ್ಯಕ್ರಮ ಪ್ರಸಾರ ಆದಾಗ ಹೆಚ್ಚು ಬಂದ ಪ್ರಶ್ನೆ ರೇಡಿಯೇಷನ್ ಬಗ್ಗೆ. ವಾಟ್ಸಾಪ್ ಫಾರ್ವರ್ಡ್ ಓದಿದವರ ಭಯ. ನೋಡಿ, ಬೆಂಗಳೂರು ಆಕಾಶವಾಣಿಯ ಮೀಡಿಯಂ ವೇವ್ 612 ಕಿಲೋಹರ್ಟ್ಸ್. ನಿಮ್ಮ ಪ್ಯಾಡಿನ ಓಡಾಟ ಅದಕ್ಕಿಂತಲೂ ಕೆಳಗೆ, ಸಾಮಾನ್ಯವಾಗಿ 100ರಿಂದ 200 ಕಿಲೋಹರ್ಟ್ಸ್ ಆಸುಪಾಸು. ಎಕ್ಸ್‌ರೇ ಥರ ಜೀವಕೋಶದೊಳಗಿನ ಅಣುಗಳನ್ನ ಒಡೆಯೋ ಶಕ್ತಿ ಇದಕ್ಕಿಲ್ಲ. ಅಂಗೈ ದೂರ ಹೋದರೆ ಬಲವೇ ಕ್ಷೀಣ.

ಆದರೆ ಒಂದು ಎಚ್ಚರಿಕೆ ಮಾತ್ರ ತಮಾಷೆ ಅಲ್ಲ. ನನ್ನ ಸೋದರಮಾವನಿಗೆ ಪೇಸ್‌ಮೇಕರ್ ಹಾಕಿದ್ದಾರೆ. ಅಮ್ಮನ ಮನೆಗೆ ಬಂದಾಗ ಈ ತಟ್ಟೆ ನೋಡಿ ಖುಷಿಯಾಗಿ, ಎತ್ತಿಕೊಂಡು ಎದೆಯ ಹತ್ತಿರ ಹಿಡಿದು ನೋಡ್ತಾ ಇದ್ದರು. 'ಮಾವ, ಕೆಳಗಿಡಿ' ಅಂತ ಕೂಗಿಬಿಟ್ಟೆ. ಪೇಸ್‌ಮೇಕರ್‌ನಂಥ ಸಾಧನಗಳ ಕೆಲಸಕ್ಕೆ ಅಯಸ್ಕಾಂತ ಅಡ್ಡಿ ಮಾಡಬಹುದು. ಆಪಲ್ ತನ್ನ ಗ್ರಾಹಕರಿಗೆ ಕೊಟ್ಟಿರೋ ಸೂಚನೆಯಲ್ಲೇ ಫೋನನ್ನ ಅಂಥ ಸಾಧನದಿಂದ 15 ಸೆಂಟಿಮೀಟರ್, ವೈರ್‌ಲೆಸ್ ಚಾರ್ಜ್ ಆಗ್ತಿದ್ದರೆ 30 ಸೆಂಟಿಮೀಟರ್‌ಗಿಂತ ದೂರ ಇಡಿ ಅಂತ ಇದೆ. ಮನೆಯಲ್ಲಿ ಪೇಸ್‌ಮೇಕರ್ ಇರೋರು ಇದ್ದರೆ ಡಾಕ್ಟರನ್ನ ಕೇಳಿ. ಅಲ್ಲಿಯವರೆಗೆ ಅಂಗಿಯ ಮೇಲಿನ ಜೇಬಿನಲ್ಲಿ ಫೋನ್ ಇಡೋ ಅಭ್ಯಾಸ ಬಿಡಿಸಿ.

ಹಾಗಾದ್ರೆ ಲಾಭ ಯಾರಿಗೆ? ಹತ್ತು ನಿಮಿಷದಲ್ಲಿ ಅರ್ಧ ಬ್ಯಾಟರಿ ತುಂಬಬೇಕು ಅನ್ನೋ ಕಾಲೇಜು ಹುಡುಗರಿಗಂತೂ ಅಲ್ಲ, ಅವರಿಗೆ ವೈರೇ ಸರಿ. ಆದರೆ ಬೆರಳು ನಡುಗೋರು, ಕಣ್ಣು ಮಂಜಾದೋರು, ಕಣ್ಣೇ ಕಾಣದೋರು, ಒಂದೇ ಕೈಯಲ್ಲಿ ಕೆಲಸ ಮಾಡೋರು ಇವರಿಗೆಲ್ಲ ಆ ಸಣ್ಣ ತೂತು ದಿನಾ ಎದುರಾಗೋ ಬಾಗಿಲು. ತೂತೇ ಬೇಡ ಅಂದಾಗ ಅದರೊಳಗೆ ಧೂಳು ಕೂರೋದು, ಪಿನ್ ಸವೆಯೋದು, ಜಾಕ್ ಬದಲಾಯಿಸೋದು, ಎಲ್ಲಾ ಕಡಿಮೆ. ಮಳೆಯಲ್ಲಿ ನೆಂದು ಬಂದ ಫೋನಿನ ಜಾಕ್‌ಗೆ ಪಿನ್ ಚುಚ್ಚಿ ಸುಡೋದೂ ತಪ್ಪುತ್ತೆ. ಹಾಗಂತ ಒದ್ದೆ ಫೋನನ್ನ ಒರೆಸದೆ ಇಡಬೇಡಿ.

ಅಮ್ಮನಿಗೆ ಪ್ಯಾಡಿನ ಮೇಲೆ ಒಂದು ದೂರು ಉಳಿದಿದೆ. ವೈರ್ ಇದ್ದಾಗ ಚಾರ್ಜ್ ಹಾಕ್ಕೊಂಡೇ ನನ್ನ ಜತೆ ಮಾತಾಡ್ತಿದ್ದಳು. ಈಗ ಫೋನ್ ಎತ್ತಿದರೆ ಚಾರ್ಜ್ ನಿಂತೇಹೋಗುತ್ತೆ. ಹಾಗಾಗಿ ಸ್ಪೀಕರ್ ಆನ್ ಮಾಡಿ, ಬಿಂದಿಗಳ ಮಧ್ಯೆ ಮಲಗಿರೋ ಫೋನಿನ ಮೇಲೆ ಬಗ್ಗಿ ಜೋರಾಗಿ ಮಾತಾಡ್ತಾಳೆ. ನನ್ನ ಸೀರೆ ಬಣ್ಣದ ವಿಮರ್ಶೆ ಈಗ ಪಕ್ಕದ ಮನೆಯವರಿಗೂ ಕೇಳಿಸುತ್ತೆ. ಮುಡಿಪಿನ ನಾಣ್ಯ ದೇವರ ಗೂಡಿನಲ್ಲಿದೆ, ಮುಂದಿನ ಜಾತ್ರೆಗೆ ಬೆಟ್ಟ ಹತ್ತಿ ಒಪ್ಪಿಸಿ ಬರಬೇಕು ಅಂದಿದ್ದಾಳೆ. ರಜೆ ಹಾಕಿದ್ದೀನಿ.